‘ಲವ್’ ಎಂಬ ಶಬ್ದವೂ ನಮ್ಮ ಒಲುಮೆಯ ನುಡಿಗಳೂ

(ಶಿರಹಟ್ಟಿಯಲ್ಲಿ ಮಠದ ಮಹೋತ್ಸವ ಪ್ರಸಂಗದಲ್ಲಿ ಮಾಡಿದ ಉಪನ್ಯಾಸ)

ಮಠದ ಮಹೋತ್ಸವದಲ್ಲಿ ಮಾತನಾಡಬಂದವರು ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ವಿಷಯವಾಗಿ ಆರಿಸಿಕೊಳ್ಳುವದು ವಾಡಿಕೆ. ನಾನಾದರೋ ಒಂದು ಇಂಗ್ಲಿಷ್ ಶಬ್ದವನ್ನು ಎತ್ತಿಕೊಂಡು ಬಂದಿದ್ದೇನೆ. ಆ ಶಬ್ದವು ‘ಲವ್’. ಇದನ್ನು ಕೇಳಿದೊಡನೆ ಹಿರಿಯರು ಹುಬ್ಬು ಗಂಟಿಕ್ಕಬಾರದೆಂದೂ, ಕಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿ ನಗಬಾರದೆಂದೂ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಈ ವಿಷಯವನ್ನೆತ್ತಲು ಕಾರಣವು ಈ ಊರಿನಲ್ಲಿಯೇ ಇದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿ ಅರಬ್ಬಿಯ ‘ಫಕೀರ’ನೂ ಸಂಸ್ಕೃತದ ‘ಈಶ್ವರ’ನೂ ಸಂಧಿಯಾಗಿ ಒಂದೇ ಪದವಾಗಿ ಕುಳಿತಿದ್ದಾರೆ. ಹಿಂದುಗಳೂ ಮುಸಲ್ಮಾನರೂ ಒಂದೇ ಗದ್ದುಗೆಗೆ ತಲೆಬಾಗುವ ಸ್ಥಳವಿದು. ಈ ಪೀಠದ ಸಂದೇಶವನ್ನು ನಾಲ್ಕೇ ಶಬ್ದಗಳಲ್ಲಿ ಹೇಳುವದುಂಟು: ದ್ವೇಷ ಬಿಡು, ಪ್ರೀತಿ ಮಾಡು. ಮೊದಲಿನ ಎರಡು ಶಬ್ದಗಳ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆಮೇಲಿನ ಎರಡನ್ನು ಕೇಳಿದಾಗ ಕಾಲೇಜಿನಲ್ಲಿ ಓದುವ ಮಕ್ಕಳು ತುಟಿ ಕಚ್ಚಿಕೊಂಡು ನಗುತ್ತಾರೆ. ಅವರ ಬಾಯಲ್ಲಿ ‘ಪ್ರೀತಿ ಮಾಡು’ವದೆಂದರೆ ‘ಲವ್ ಮಾಡು’ವದು, ‘ಲವ್ ಮಾಡು’ವದೆಂದರೆ ಹುಡುಗ ಹುಡುಗಿಯರ ವ್ಯವಹಾರ, ಅದರಾಚೆಗೆ ಮತ್ತೇನೂ ಇಲ್ಲ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಒಂದು ಮಠದ ಮಾತಿನ ಅರ್ಧಭಾಗವು ಒಂದೆರಡು ತಲೆಮಾರುಗಳಲ್ಲಿ ಇಷ್ಟು ಕಿರಿದಾದದ್ದು ಹೇಗೆ ಎಂಬದನ್ನು ವಿಚಾರ ಮಾಡಬೇಕು.

ಮೊದಲು ಇಂಗ್ಲಿಷ್ ಶಬ್ದವನ್ನೇ ನೋಡೋಣ. ನಾವು ತಿಳಿದುಕೊಂಡಂತೆ ಅದು ಸಣ್ಣ ಶಬ್ದವಲ್ಲ. ಇಂಗ್ಲಿಷರು ದೇವರನ್ನು ಲವ್ ಮಾಡುತ್ತಾರೆ, ದೇಶವನ್ನು ಲವ್ ಮಾಡುತ್ತಾರೆ, ತಾಯಿಯನ್ನು, ಹೆಂಡತಿಯನ್ನು, ನಾಯಿಯನ್ನು, ಮಾವಿನ ಹಣ್ಣನ್ನು, ಮಳೆ ನಿಂತ ಮೇಲಿನ ಬಿಸಿಲನ್ನು, ಎಲ್ಲವನ್ನೂ ಅದೇ ಶಬ್ದದಿಂದಲೇ ಲವ್ ಮಾಡುತ್ತಾರೆ. ಪತ್ರದ ಕೊನೆಗೆ ಅಣ್ಣನು ತಂಗಿಗೆ ‘ಲವ್’ ಎಂದು ಬರೆದು ರುಜು ಮಾಡುತ್ತಾನೆ. ಉತ್ತರ ಇಂಗ್ಲಂಡದಲ್ಲಿ ಅಂಗಡಿಯ ಮುದುಕಿಯು ಹೆಸರು ಗೊತ್ತಿಲ್ಲದ ಗಿರಾಕಿಯನ್ನು ‘ಲವ್’ ಎಂದು ಕರೆದು ಚಿಲ್ಲರೆ ಎಣಿಸಿ ಕೊಡುತ್ತಾಳೆ; ನಮ್ಮ ಸಂತೆಯಲ್ಲಿ ಕಾಯಿಪಲ್ಲೆ ಮಾರುವಾಕೆ ‘ತಗೋ ಯಪ್ಪಾ’ ಎಂದಂತೆಯೇ ಅದು. ಟೆನಿಸ್ ಆಟದಲ್ಲಿ ಒಂದು ಗುಣವೂ ದೊರೆಯದಿದ್ದರೆ ಆ ಸೊನ್ನೆಗೂ ‘ಲವ್’ ಎಂದೇ ಹೆಸರು. ಹಣದ ಪಣವಿಲ್ಲದೆ, ಕೇವಲ ಆಟದ ಮೇಲಿನ ಪ್ರೀತಿಗಾಗಿ ಆಡುವದಕ್ಕೆ ‘ಲವ್‌ಗಾಗಿ ಆಡುವದು’ ಎಂಬ ಮಾತಿತ್ತು. ಅದರಿಂದ ಲವ್ ಎಂದರೆ ಏನೂ ಇಲ್ಲ ಎಂಬರ್ಥವು ಬಂದಿತೆಂದು ನಿಘಂಟುಕಾರರು ಭಾವಿಸುತ್ತಾರೆ. ಕೂಲಿಯಿಲ್ಲದೆ ದುಡಿಯುವದಕ್ಕೂ ಅವರಲ್ಲಿ ಇದೇ ಶಬ್ದವು ಸಲ್ಲುತ್ತದೆ. ದಾಸೋಹದ ಮನೆಯಲ್ಲಿ ಬೆಳಗಿನ ಜಾವದಿಂದ ರೊಟ್ಟಿ ಬಡಿಯುವ ನಮ್ಮ ತಾಯಂದಿರ ಲೆಕ್ಕವನ್ನು ಟೆನಿಸಿನವರು ಬರೆದರೆ ಅದು ‘ಲವ್’ ಎಂದೇ ಆಗುವದು. ಆ ಸೊನ್ನೆಯಿಂದಲೇ ಮಠಗಳು ನಿಂತಿವೆ!

ಈ ಶಬ್ದದ ಮೂಲವು ಇನ್ನೂ ವಿಚಿತ್ರವಾದುದು. ಭಾಷಾಶಾಸ್ತ್ರಜ್ಞರು ಇಂಗ್ಲಿಷಿನ ಲವ್ ಶಬ್ದವನ್ನೂ ಸಂಸ್ಕೃತದ ‘ಲುಭ್’ ಧಾತುವನ್ನೂ ಒಂದೇ ಬೇರಿನ ಚಿಗುರುಗಳೆಂದು ತೋರಿಸಿಕೊಟ್ಟಿದ್ದಾರೆ. ಲುಭ್ ಧಾತುವಿನಿಂದ ನಮಗೆ ಬಂದದ್ದು ‘ಲೋಭ’. ಅರಿಷಡ್ವರ್ಗದಲ್ಲಿ ಮೂರನೆಯ ವೈರಿಯೆಂದು ನಾವು ಎಣಿಸುವ ಲೋಭವೂ, ಪಾಶ್ಚಾತ್ಯರು ದೇವರ ಸ್ವರೂಪಕ್ಕೇ ಇಟ್ಟುಕೊಂಡ ಲವ್ ಶಬ್ದವೂ ಒಡಹುಟ್ಟಿದವು. ಇಷ್ಟೇ ಅಲ್ಲ, ಇಂಗ್ಲಿಷಿನಲ್ಲಿ ‘ನಂಬು’ ಎಂಬರ್ಥದ ‘ಬಿಲೀವ್’ ಶಬ್ದವೂ ಅದೇ ಬೇರಿನದು. ಬೇರು ಒಂದೇ, ಒಂದು ಕೊಂಬೆಯಲ್ಲಿ ಆಶೆ, ಒಂದರಲ್ಲಿ ಅಕ್ಕರೆ, ಮತ್ತೊಂದರಲ್ಲಿ ನಂಬಿಗೆ. ಯಾವ ಕೊಂಬೆಗೆ ನೀರೆರೆಯುತ್ತೇವೆಯೋ ಆ ಕೊಂಬೆ ಬೆಳೆಯುತ್ತದೆ.

ಒಂದೇ ಶಬ್ದದ ಮೇಲೆ ಇಷ್ಟು ಭಾರವನ್ನು ಹೊರಿಸಿದ್ದಕ್ಕಾಗಿ ಇಂಗ್ಲಿಷರೂ ಕಷ್ಟಪಟ್ಟಿದ್ದಾರೆ. ಗ್ರೀಕ ಭಾಷೆಯಲ್ಲಿ ಗಂಡುಹೆಣ್ಣಿನ ಆಕರ್ಷಣೆಗೆ ಒಂದು, ಗೆಳೆತನಕ್ಕೆ ಒಂದು, ಮನೆಯವರ ಮಮತೆಗೆ ಒಂದು, ನಿರಪೇಕ್ಷವಾದ ಪ್ರೇಮಕ್ಕೆ ಒಂದು, ಹೀಗೆ ಬೇರೆಬೇರೆ ಶಬ್ದಗಳಿದ್ದವು. ಕೊನೆಯದಾದ ‘ಅಗಾಪೆ’ ಶಬ್ದವನ್ನು ಬಾಯಿಬಲ್ಲಿನ ಅನುವಾದದಲ್ಲಿ ಏನೆಂದು ಹೇಳಬೇಕೆಂಬ ಜಗಳವು ಶತಮಾನಗಳ ಕಾಲ ನಡೆಯಿತು. 1526ರಲ್ಲಿ ವಿಲಿಯಂ ಟಿಂಡೇಲನು ಅದಕ್ಕೆ ಲವ್ ಎಂದು ಇಟ್ಟಾಗ, ಪಂಡಿತನಾದ ಥಾಮಸ್ ಮೋರನು ಅದನ್ನು ಬಲವಾಗಿ ಆಕ್ಷೇಪಿಸಿದನು. 1611ರಲ್ಲಿ ರಾಜಾಜ್ಞೆಯಿಂದ ಹೊರಬಂದ ಭಾಷಾಂತರದಲ್ಲಿ, ಆ ಗುಣವನ್ನು ವರ್ಣಿಸುವ ಪ್ರಸಿದ್ಧವಾದ ಅಧ್ಯಾಯದಲ್ಲಿ ಅದು ‘ಚಾರಿಟಿ’ ಆಯಿತು. 1881ರ ತಿದ್ದಿದ ಆವೃತ್ತಿಯಲ್ಲಿ ಅಲ್ಲಿ ಪುನಃ ಲವ್ ಬಂದಿತು. ಯಾಕಂದರೆ ಅಷ್ಟರೊಳಗೆ ಚಾರಿಟಿಯೆಂದರೆ ಬಡವರಿಗೆ ಹಾಕುವ ದುಡ್ಡು ಎಂಬಷ್ಟಕ್ಕೆ ಇಳಿದುಹೋಗಿತ್ತು. ಶಬ್ದಗಳು ಕುಗ್ಗುವದು ನಮ್ಮಲ್ಲಿ ಮಾತ್ರವೇ ಅಲ್ಲವೆಂಬದಕ್ಕೆ ಇದು ಸಾಕ್ಷಿ. ಇನ್ನೊಂದು ಸಾಕ್ಷಿಯನ್ನು ಸಂಕೋಚದಿಂದಲೇ ಹೇಳುತ್ತೇನೆ. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ‘ಲವ್ ಮಾಡುವದು’ ಎಂಬ ನುಡಿಗಟ್ಟಿಗೆ ಸವಿಮಾತುಗಳಿಂದ ಮನವೊಲಿಸುವದೆಂಬಷ್ಟೇ ಅರ್ಥವಿದ್ದಿತು. ಇಪ್ಪತ್ತನೆಯ ಶತಮಾನದಲ್ಲಿ ಅದು ಸಭೆಯಲ್ಲಿ ಆಡಲಾರದ ಮಾತಾಯಿತು.

ಬೆಟಗೇರಿಯಲ್ಲಿ ಕೇಂದ್ರವನ್ನು ಹೊಂದಿದ್ದ ಬಾಸೆಲ್ ಮಿಶನ್ನಿನವರ ಮುಂದೆಯೂ, ಅವರಿಗಿಂತ ಮೊದಲು ಬಳ್ಳಾರಿಯಲ್ಲಿದ್ದ ಮಿಶನರಿಗಳ ಮುಂದೆಯೂ ಇದೇ ಪ್ರಶ್ನೆಯು ಕನ್ನಡದಲ್ಲಿ ನಿಂತಿತು. ಅವರು ‘ಪ್ರೀತಿ’ಯನ್ನು ಆರಿಸಿದರು. ಆರಿಕೆ ಚೆನ್ನಾದುದೇ. ‘ಪ್ರೀ’ ಎಂದರೆ ತಣಿಸು, ಸಂತೋಷಪಡಿಸು. ಪೂಜೆಯ ಸಂಕಲ್ಪದಲ್ಲಿ ‘ಪ್ರೀತ್ಯರ್ಥ’ವೆಂದು ಹೇಳುವಾಗ ಇರುವ ಅರ್ಥವು ಅದೇ. ಇಂಗ್ಲಿಷಿನಲ್ಲಿ ಗೆಳೆಯನೆಂಬರ್ಥದ ‘ಫ್ರೆಂಡ್’ ಶಬ್ದವು ಈ ‘ಪ್ರೀ’ ಧಾತುವಿನ ನೆಂಟನು. ನಮ್ಮ ಮುಸಲ್ಮಾನ ಬಾಂಧವರ ಮನೆಮಾತಿನಲ್ಲಿರುವ ‘ಪ್ಯಾರ್’ ಶಬ್ದವೂ ‘ಪ್ರಿಯ’ದ ವಂಶದ್ದೇ. ಹೀಗೆ ನೋಡಿದರೆ ‘ಪ್ರೀತಿ’ಯು ಊರೆಲ್ಲರೊಡನೆ ಬಳಗವುಳ್ಳ ಶಬ್ದ.

ಸಂಸ್ಕೃತದಿಂದ ಬಂದ ಮಿಕ್ಕ ಶಬ್ದಗಳನ್ನು ಬೇಗನೆ ನೋಡಿಬಿಡೋಣ. ‘ವಾತ್ಸಲ್ಯ’ದಲ್ಲಿ ‘ವತ್ಸ’ವಿದೆ, ಅದು ಹಸುವು ಕರುವನ್ನು ನೆಕ್ಕುವ ಪ್ರೀತಿ. ‘ಮಮತೆ’ಯಲ್ಲಿ ‘ಮಮ’ ಇದೆ. ನನ್ನದು ಎಂಬ ಭಾವವು. ‘ಸ್ನೇಹ’ವೆಂದರೆ ವೈದ್ಯರ ಭಾಷೆಯಲ್ಲಿ ಎಣ್ಣೆ ತುಪ್ಪ, ಜಿಡ್ಡಿನಂತೆ ಅಂಟಿಕೊಳ್ಳುವದರಿಂದಲೂ ಕೀಲುಗಳ ತಿಕ್ಕಾಟವನ್ನು ಶಮನ ಮಾಡುವದರಿಂದಲೂ ಗೆಳೆತನಕ್ಕೆ ಆ ಹೆಸರು ತಕ್ಕುದೇ ಆಗಿದೆ. ‘ಭಕ್ತಿ’ಯು ‘ಭಜ್’ ಧಾತುವಿನದು. ಅದಕ್ಕೆ ಹಂಚಿಕೊಳ್ಳುವದು, ಪಾಲುಗೊಳ್ಳುವದು ಎಂಬ ಅರ್ಥವುಂಟು, ‘ಭಾಗ’ವೆಂಬ ಶಬ್ದವೂ ಅಲ್ಲಿಂದಲೇ. ನಮ್ಮ ಹಿರಿಯರು ಈ ಒಂದು ಭಕ್ತಿಯನ್ನೇ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸವೆಂದು ಆರು ಸ್ಥಲಗಳಿಗೆ ಆರಾಗಿ ವಿಂಗಡಿಸಿ ಇಟ್ಟರು. ಇನ್ನು ‘ಇಷ್ಟ’ವನ್ನು ನೋಡಿರಿ. ಎದೆಯ ಮೇಲಿನ ಲಿಂಗಕ್ಕೂ ಇಷ್ಟವೆಂಬ ಹೆಸರೇ, ‘ನನಗೆ ಶೇಂಗಾ ಹೋಳಿಗಿ ಇಷ್ಟ’ ಎಂಬಲ್ಲಿಯೂ ಅದೇ. ಇಂಗ್ಲಿಷರು ದೇವರಿಗೂ ಹಣ್ಣಿಗೂ ಒಂದೇ ಶಬ್ದ ಹಾಕುತ್ತಾರೆಂದು ನಗುವ ಮೊದಲು ನಾವು ಇದನ್ನು ನೆನೆಯಬೇಕು.

ಈಗ ಅಚ್ಚಗನ್ನಡಕ್ಕೆ ಬರುತ್ತೇನೆ. ನಾನು ನಿಜವಾಗಿ ಹೇಳಬೇಕೆಂದದ್ದು ಇಲ್ಲಿಯೇ ಇದೆ. ಈ ಊರಿಗೆ ನೆರೆಯಾದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಪುಲಿಗೆರೆಯನ್ನೂ ಹೆಸರಿಸಿತು. 941ರಲ್ಲಿ ಪಂಪನು ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿಯೇ ಎಂದು ತಾನೇ ಹೇಳಿಕೊಂಡನು. ಅಂಥ ನೆಲದಲ್ಲಿ ನಿಂತು ಪ್ರೀತಿಗೆ ಕನ್ನಡವೇನೆಂದು ಕೇಳಿದರೆ ಹಳಗನ್ನಡವು ನಾಲ್ಕೈದು ಉತ್ತರಗಳನ್ನು ಕೊಡುತ್ತದೆ. ‘ಕೂರ್’ ಎಂಬುದೊಂದು, ಅದರಿಂದ ‘ಕೂರ್ಮೆ’. ‘ನಲ್’ ಎಂದರೆ ಒಳ್ಳೆಯ, ಅದರಿಂದ ನಲ್ಲ, ನಲ್ಲೆ, ನಲ್ಮೆ. ‘ಇನಿ’ ಎಂದರೆ ಸಿಹಿ, ಅದರಿಂದ ಇನಿಯ. ಇಂಗ್ಲಿಷರು ಪ್ರಿಯರನ್ನು ‘ಹನಿ’ ಎಂದು ಜೇನಿನ ಹೆಸರಿನಿಂದ ಕರೆಯುವದನ್ನು ಸಿನಿಮಾದಲ್ಲಿ ನೋಡಿ ಬೆರಗಾಗುವವರಿಗೆ ನಮ್ಮ ‘ಇನಿಯ’ನು ಸಾವಿರ ವರ್ಷಗಳಿಂದ ಅದೇ ಸಿಹಿಯನ್ನು ಹೊತ್ತು ನಿಂತದ್ದು ಕಾಣಿಸಲಿಲ್ಲ. ಆದರೆ ಇವೆಲ್ಲವುಗಳಲ್ಲಿ ಇಂದಿಗೂ ಜೀವಂತವಾಗಿ ದುಡಿಯುವದು ‘ಒಲ್’ ಎಂಬ ಧಾತು. ಒಲಿ, ಒಲವು, ಒಲುಮೆ ಎಲ್ಲವೂ ಅದರ ಮಕ್ಕಳು.

ಈ ‘ಒಲಿ’ಯು ವಾಕ್ಯದಲ್ಲಿ ಕುಳಿತುಕೊಳ್ಳುವ ರೀತಿಯನ್ನು ಗಮನಿಸಿರಿ. ಇಂಗ್ಲಿಷಿನಲ್ಲಿ ಲವ್ ಮಾಡುವವನು ಕರ್ತೃ, ಅದಕ್ಕೆ ಗುರಿಯಾದವರು ಕರ್ಮ. ಹಣ್ಣನ್ನು ತಿಂದಂತೆ, ಗೋಡೆಯನ್ನು ಕಟ್ಟಿದಂತೆ, ಒಬ್ಬನು ಮತ್ತೊಬ್ಬರನ್ನು ಲವ್ ಮಾಡುತ್ತಾನೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯವೂ ಆ ಅಚ್ಚಿನಲ್ಲಿಯೇ ಎರಕಗೊಂಡಿದೆ. ಒಲಿಯುವದು ಹಾಗಲ್ಲ. ಶಿವನು ಭಕ್ತನಿಗೆ ಒಲಿಯುತ್ತಾನೆ. ಭಕ್ತನನ್ನು ಅಲ್ಲ, ಭಕ್ತನಿಗೆ. ಒಲಿಯುವವನು ತಾನಾಗಿ ಬಾಗಿ ಬರುತ್ತಾನೆ, ಒಲಿಸಿಕೊಳ್ಳುವವನು ಕಾದಿರಬೇಕು. ವಿದ್ಯೆಯೂ ಹೀಗೆಯೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ಸಂಗೀತವನ್ನು ಪ್ರೀತಿಸಿದರು ಎಂದು ಯಾರೂ ಹೇಳುವದಿಲ್ಲ. ಅವರಿಗೆ ಸಂಗೀತವು ಒಲಿಯಿತು ಎನ್ನುತ್ತಾರೆ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ (1914–2010) ಒಲಿಯಿತು. ಕಣ್ಣಿಲ್ಲದವರ ಬಳಿಗೆ ನಾದವು ತಾನೇ ದಾರಿ ಹುಡುಕಿಕೊಂಡು ಬಂದಿತೆಂಬ ಅರ್ಥವೆಲ್ಲ ಆ ಒಂದು ಕ್ರಿಯಾಪದದಲ್ಲಿದೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಆಶ್ರಯವೂ ಗುರುಶಿಷ್ಯರ ಎಷ್ಟೋ ವರ್ಷಗಳ ಸಾಧನೆಯೂ ಅದರ ಹಿಂದೆ ಇದ್ದವೆಂಬದು ನಿಜ. ಆದರೂ ಕನ್ನಡವು ಕರ್ತೃತ್ವವನ್ನು ಸಂಗೀತಕ್ಕೇ ಬಿಟ್ಟುಕೊಡುತ್ತದೆ.

ಒಬ್ಬರಿಗೆ ತಿಳಿಹೇಳಿ ಒಪ್ಪಿಸುವದಕ್ಕೆ ನಾವು ‘ಮನವೊಲಿಸು’ವದೆನ್ನುತ್ತೇವೆ. ಜನರ ಮನಸ್ಸು ಯಾವ ಕಡೆಗಿದೆಯೆಂಬದನ್ನು ಪತ್ರಿಕೆಗಳವರು ‘ಒಲವು’ ಎನ್ನುತ್ತಾರೆ. ಇಲ್ಲೆಲ್ಲ ಪ್ರೀತಿಯೂ ಸಮ್ಮತಿಯೂ ಒಂದೇ ಹೊಕ್ಕುಳಿನಿಂದ ಹುಟ್ಟಿವೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಮಹಾಕೋಶವನ್ನು ತೆರೆದು ನೋಡಿದರೆ, ಈ ಧಾತುವಿಗೆ ಮೆಚ್ಚುವದೂ ಒಪ್ಪುವದೂ ಒಟ್ಟಿಗೇ ಅರ್ಥಗಳಾಗಿವೆ. ಎ. ಕೆ. ರಾಮಾನುಜನ್ನರು 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದು ‘ಸ್ಪೀಕಿಂಗ್ ಆಫ್ ಶಿವ’ ಎಂಬ ಹೆಸರಿನಿಂದ ಪ್ರಕಟಿಸಿದಾಗ, ಬಸವಣ್ಣನವರ ವಚನವೊಂದರಲ್ಲಿಯ ಈ ‘ಒಲಿ’ಗೆ, ಮನಸ್ಸಿಗೆ ಬಂದಂತೆ ಎಂಬ ಸುಲಭದ ಅರ್ಥವನ್ನು ಬಿಟ್ಟು ಲವ್ ಶಬ್ದವನ್ನೇ ಇಟ್ಟರು. ಮೂಲದ ತೂಕವನ್ನು ಅವರು ಬಲ್ಲವರಾಗಿದ್ದರು.

ಹಾಗಾದರೆ ಈ ಧಾತುವು ನಮ್ಮ ಮನೆಗಳಲ್ಲಿ ಎಲ್ಲಿದೆ? ‘ಒಲವು’ ಎಂಬುದನ್ನು ಒಲೆಯ ಮುಂದೆ ಕುಳಿತವರು ಯಾರೂ ಆಡುವದಿಲ್ಲ. ಅದು ಪುಸ್ತಕದ ಮಾತಾಗಿ ಹೋಗಿದೆ. ಆದರೂ ಆ ಧಾತುವನ್ನು ನಾವು ದಿನಕ್ಕೆ ಇಪ್ಪತ್ತು ಸಲ ಆಡುತ್ತೇವೆ, ನಿಷೇಧರೂಪದಲ್ಲಿ! ಮಗುವು ಹಾಲು ಕುಡಿಯಲು ‘ವಲ್ಲೆ’ ಎನ್ನುತ್ತದೆ. ಎರಡನೆಯ ರೊಟ್ಟಿ ಬಡಿಸಬಂದರೆ ಅತಿಥಿಯು ‘ವಲ್ಲೆರೀ’ ಎನ್ನುತ್ತಾನೆ. ಇದು ‘ಒಲ್ಲೆ’, ಎಂದರೆ, ‘ನಾನು ಒಲಿಯೆನು’ ಎಂಬುದು. ನೆರೆಯ ತೆಲುಗಿನಲ್ಲಿಯೂ ಇದು ‘ಒಲ್ಲನು’ ಎಂದು ಉಂಟು. ನಮ್ಮ ಕಡೆಯಲ್ಲಾದರೋ ಇದು ಇನ್ನೂ ಮುಂದಕ್ಕೆ ಹೋಗಿ ಎಲ್ಲ ಕ್ರಿಯಾಪದಗಳ ಬಾಲಕ್ಕೂ ಅಂಟಿಕೊಂಡಿದೆ. ‘ಎತ್ತು ನಡೀವಲ್ದು’, ‘ಹುಡುಗ ಉಣವಲ್ಲ’, ‘ಬೀಗ ತೆಗೀವಲ್ದು’. ಜೂನ್ ತಿಂಗಳು ಕಳೆಯುತ್ತ ಬಂದರೂ ಎರೆಹೊಲದಲ್ಲಿ ಬಿರುಕು ಮುಚ್ಚದಿದ್ದಾಗ ರೈತನು ಆಕಾಶ ನೋಡಿ ‘ಮಳಿ ಬರವಲ್ದು’ ಎನ್ನುತ್ತಾನೆ. ಬರಲೊಲ್ಲದು, ಬರಲು ಒಲಿಯದು. ಬರಲಿಲ್ಲವೆಂಬ ಬರಿಯ ಸುದ್ದಿಯಲ್ಲ ಅದು. ಮಳೆಗೂ ಒಂದು ಮನಸ್ಸಿದೆಯೆಂದೂ ಆ ಮನಸ್ಸು ನಮ್ಮ ಕಡೆಗೆ ಇನ್ನೂ ಬಾಗಿಲ್ಲವೆಂದೂ ಅದರ ತಾತ್ಪರ್ಯ. ಕನ್ನಡದ ಪ್ರೀತಿಯ ಹಳೆಯ ಧಾತುವು ಇಂದು ಗದಗು, ಮುಂಡರಗಿ, ಶಿರಹಟ್ಟಿಗಳ ಸೀಮೆಯಲ್ಲಿ ಉಸಿರಾಡುತ್ತಿರುವದು ಈ ‘ವಲ್ಲೆ’, ‘ವಲ್ದು’ಗಳಲ್ಲಿ. ಒಲಿದೆನೆಂದು ಹೇಳಲು ನಮಗೆ ನಾಚಿಕೆ. ಒಲ್ಲೆನೆಂದು ಹೇಳಲು ಇಲ್ಲ.

ಹಾಗೆಂದು ಈ ಸೀಮೆಯವರಲ್ಲಿ ಪ್ರೀತಿಯ ಮಾತುಗಳು ಇಲ್ಲವೆನ್ನಬಾರದು. 1948ರವರೆಗೆ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ ಆಡಳಿತದಲ್ಲಿದ್ದಿತು. ಮರಾಠಿಯ ಸಹವಾಸ ನಮಗೆ ಹಳೆಯದು. ವೇದಾಂತಿಗಳು ತೊಲಗಿಸಬೇಕೆನ್ನುವ ‘ಮಾಯೆ’ಯು ಮರಾಠಿಯಲ್ಲಿ ತಾಯಿಯ ಅಕ್ಕರೆಯಾಗಿದೆ, ನಮ್ಮಲ್ಲಿಯೂ ‘ಆಕಿಗೆ ಮಾಯಾ ಭಾಳ’ ಎಂದರೆ ಹೊಗಳಿಕೆಯೇ ಹೊರತು ತತ್ತ್ವವಿಚಾರವಲ್ಲ. ‘ಅಂತಃಕರಣ’ವು ಶಾಸ್ತ್ರದಲ್ಲಿ ಮನಸ್ಸು ಬುದ್ಧಿ ಮೊದಲಾದ ಒಳಗಿನ ಕರಣಗಳು, ನಮ್ಮ ಅಜ್ಜಿಯರ ಬಾಯಲ್ಲಿ ಅದು ಮರುಕದಿಂದ ಕೂಡಿದ ಪ್ರೀತಿ. ‘ಕಕ್ಕುಲಾತಿ’ಯೊಂದುಂಟು, ‘ಅಕ್ಕರತೆ’ಯೊಂದುಂಟು. ‘ಮಗನ ಮ್ಯಾಲೆ ಜೀವ ಅದ’ ಎನ್ನುವರು. ತಾಯಿಯ ಜೀವವು ತಾಯಿಯಲ್ಲಿಲ್ಲ, ಮಗನ ಮೇಲಿದೆ. ‘ಆ ಕೂಸು ಅಜ್ಜನ್ನ ಭಾಳ ಹಚ್ಚಿಕೊಂಡದ’ ಎನ್ನುವರು. ಇವಾವವೂ ಕೇಳಿದವರ ತುಟಿಯಲ್ಲಿ ನಗೆ ತರಿಸುವದಿಲ್ಲ.

ಎಲ್ಲಕ್ಕೂ ಹೆಚ್ಚಾಗಿ ನಮ್ಮ ಪ್ರೀತಿಯು ಸಂಬಂಧವಾಚಕಗಳಲ್ಲಿ ಮನೆ ಮಾಡಿದೆ. ತಾಯಿಯು ಎರಡು ವರುಷದ ಮಗನನ್ನು ‘ನನ್ನಪ್ಪಾ’ ಎಂದೂ ಮಗಳನ್ನು ‘ನನ್ನವ್ವಾ’ ಎಂದೂ ಕರೆದು ಎತ್ತಿಕೊಳ್ಳುತ್ತಾಳೆ; ಹೆತ್ತ ಮಕ್ಕಳನ್ನೇ ತಂದೆತಾಯಿಗಳನ್ನಾಗಿ ಮಾಡಿಕೊಳ್ಳುವ ಈ ರೀತಿಗೆ ಇಂಗ್ಲಿಷಿನಲ್ಲಿ ಹೆಸರಿಲ್ಲ. ಮಠದ ಸ್ವಾಮಿಗಳನ್ನು ‘ಅಜ್ಜಾರು’, ‘ಅಪ್ಪಗಳು’ ಎನ್ನುತ್ತೇವೆ. ಕಲ್ಯಾಣದ ಪ್ರಧಾನರನ್ನು ‘ಅಣ್ಣ’ನೆಂದೂ, ಉಡುತಡಿಯಿಂದ ಹೊರಟು ಬಂದ ಹೆಣ್ಣುಮಗಳನ್ನು ‘ಅಕ್ಕ’ನೆಂದೂ ಕರೆದವರು ಮತ್ತಾವ ವಿಶೇಷಣವನ್ನೂ ಬೇಡಲಿಲ್ಲ. ಪತ್ರಗಳಲ್ಲಿಯೂ ಹಿಂದೆ ಹಿರಿಯರಿಗೆ ತೀರ್ಥರೂಪ, ಕಿರಿಯರಿಗೆ ಚಿರಂಜೀವಿ, ಸಮಾನರಿಗೆ ಶರಣು ಶರಣಾರ್ಥಿ ಎಂದು ಸಂಬಂಧಕ್ಕೆ ತಕ್ಕಂತೆ ಬರೆಯುತ್ತಿದ್ದೆವು. ಇಂದು ಸಾಲದ ನೋಟೀಸೂ ‘ಡಿಯರ್ ಸರ್’ ಎಂದೇ ಆರಂಭವಾಗುತ್ತದೆ. (ಆ ‘ಡಿಯರ್’ ಶಬ್ದಕ್ಕೆ ಪ್ರಿಯವೆಂಬಂತೆ ತುಟ್ಟಿಯೆಂದೂ ಅರ್ಥವಿರುವದರಿಂದ ಸಾಲದ ಪತ್ರಕ್ಕೆ ಅದು ಒಪ್ಪುತ್ತದೆಂದು ಬೇಕಾದರೆ ಹೇಳಬಹುದು.) ನಮ್ಮ ಹಳ್ಳಿಗಳಲ್ಲಿ ಮುದ್ದಪ್ಪನಿದ್ದಾನೆ, ಪಕ್ಕದ ಮನೆಯಲ್ಲಿ ಮೆಹಬೂಬಸಾಬನಿದ್ದಾನೆ. ಮೆಹಬೂಬನೆಂದರೆ ಅರಬ್ಬಿಯಲ್ಲಿ ಪ್ರೀತಿಗೆ ಪಾತ್ರನಾದವನೆಂದೇ. ‘ಮೊಹಬ್ಬತ್’ ಎಂಬ ಶಬ್ದವು ಹುಟ್ಟಿದ ಧಾತುವೇ ಅವನ ಹೆಸರಿನಲ್ಲಿಯೂ ಇದೆ. ಮುದ್ದಪ್ಪನಿಗೂ ಮೆಹಬೂಬನಿಗೂ ಹೊಲದ ಬದುವಿನ ಮೇಲೆ ಜಗಳವಾದಾಗ, ಇಬ್ಬರ ಹೆಸರೂ ಒಂದೇ ಅರ್ಥದ ಎರಡು ಭಾಷಾಂತರಗಳೆಂದು ಅವರಿಗೆ ತಿಳಿಯದು!

ಹೀಗೆ ತುಂಬಿದ ಮನೆಗೆ ‘ಲವ್’ ಬಂದಿತು. ಇಂಗ್ಲಿಷಿನ ಆ ಅಗಲವಾದ ಶಬ್ದವು ಕನ್ನಡದ ಹೊಸ್ತಿಲು ದಾಟುವಾಗ ದೇವರನ್ನು, ದೇಶವನ್ನು, ಅಂಗಡಿಯ ಮುದುಕಿಯನ್ನು ಎಲ್ಲರನ್ನೂ ಹೊರಗೆ ಬಿಟ್ಟು, ಹುಡುಗ ಹುಡುಗಿಯರಿಬ್ಬರನ್ನೇ ಕರೆದುಕೊಂಡು ಒಳಗೆ ಬಂದಿತು. ಸಿನಿಮಾಗಳೂ ಟೆಲಿಫೋನಿನ ಪರದೆಗಳೂ ಅದಕ್ಕೆ ದೀಪ ಹಿಡಿದವು. ‘ಲವ್ ಮಾಡು’, ‘ಲವ್ವಿಗೆ ಬೀಳು’, ‘ಲವ್ ಮ್ಯಾರೇಜ್’. ಬಳಿಕ ‘ಪ್ರೀತಿ ಮಾಡು’ ಎಂಬುದು ಲವ್ ಮಾಡುವದರ ಭಾಷಾಂತರವೆಂದೇ ಎಣಿಕೆಯಾಯಿತು. ಅದರ ವಾತ್ಸಲ್ಯ, ಸ್ನೇಹ, ಭಕ್ತಿಯ ಬಳಗವು ಉದುರಿತು. ಆ ಮಕ್ಕಳ ನಗೆಗೆ ಇದೇ ಕಾರಣ.

ಶಬ್ದವು ಕುಗ್ಗಿದರೆ ಭಾಷಾಪ್ರೇಮಿಗಳಿಗೆ ದುಃಖವಾದೀತು, ಉಳಿದವರಿಗೇನು ಎಂದು ಕೇಳಬಹುದು. ಕೆಲವು ವೇಳೆ ಪ್ರಾಣವೇ ಹೋಗುತ್ತದೆ. ಮನೆಯಲ್ಲಿ ಮಗಳು ಬಾಯಿ ತೆರೆದು ತನ್ನ ಮನಸ್ಸನ್ನು ಹೇಳಬೇಕಾದರೆ ಅವಳ ಬಳಿ ಇರುವದು ‘ಲವ್’ ಎಂಬ ಪರದೇಶದ ಶಬ್ದವೊಂದೇ. ಆ ಶಬ್ದವು ತಂದೆಯ ಕಿವಿಗೆ ಬಿದ್ದ ಕೂಡಲೇ ಅಪರಾಧದ ಹೆಸರಾಗುತ್ತದೆ. ಅಲ್ಲಿಗೆ ಮಾತು ನಿಲ್ಲುತ್ತದೆ. ನಮ್ಮ ಗದಗ ಜಿಲ್ಲೆಯಲ್ಲಿಯೇ, ಗಜೇಂದ್ರಗಡದ ಸಮೀಪದ ಹಳ್ಳಿಯೊಂದರಲ್ಲಿ, 2019ರ ನವೆಂಬರದಲ್ಲಿ, ಜಾತಿಯನ್ನು ಮೀರಿ ಮದುವೆಯಾಗಿ ಹೊರಗಿದ್ದು ಊರಿಗೆ ಮರಳಿದ ಗಂಡಹೆಂಡಿರನ್ನು ಕಲ್ಲುಗಳಿಂದ ಹೊಡೆದು ಕೊಂದರು. ಇದನ್ನು ಮಹೋತ್ಸವದ ಮಂಟಪದಲ್ಲಿ ಹೇಳಬಾರದಿತ್ತೆಂದು ಯಾರಿಗಾದರೂ ಅನಿಸಿದರೆ, ಬೇರೆ ಎಲ್ಲಿ ಹೇಳಬೇಕೆಂದು ನಾನು ಅವರನ್ನೇ ಕೇಳುತ್ತೇನೆ.

ನಮ್ಮ ಮಠಗಳ ವೇದಿಕೆಗಳಲ್ಲಿ ಹರಳಯ್ಯ ಮಧುವರಸರ ಕಥೆಯನ್ನು ಹೇಳದ ವರುಷವಿಲ್ಲ. ಸಮಗಾರ ಕುಲದಿಂದ ಬಂದ ಹರಳಯ್ಯನ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಮಧುವರಸನು ಮಗಳನ್ನು ಕೊಟ್ಟನು. ಹನ್ನೆರಡನೆಯ ಶತಮಾನದ ಕಲ್ಯಾಣವು ಆ ಮದುವೆಯ ಕಾರಣದಿಂದ ಹೊತ್ತಿ ಉರಿಯಿತು. ಇಬ್ಬರು ತಂದೆಯರೂ ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಈ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡ ಕೈಯೇ ಮನೆಗೆ ಹೋಗಿ ಬಾಗಿಲಿಗೆ ಅಗುಳಿ ಹಾಕುತ್ತದೆಯೆಂಬದು ನಮಗೆಲ್ಲ ಗೊತ್ತಿದೆ, ಅದನ್ನು ವಿಸ್ತರಿಸುವದಿಲ್ಲ. ನಾನು ಹೇಳಬೇಕೆಂದದ್ದು ಇನ್ನೊಂದು. ಈ ಕಥೆಯಲ್ಲಿ ತಂದೆಯರ ಶರಣತ್ವವನ್ನು ವರ್ಣಿಸುತ್ತೇವೆ, ಬಿಜ್ಜಳನ ಕೋಪವನ್ನು ವರ್ಣಿಸುತ್ತೇವೆ. ಶೀಲವಂತ, ಲಾವಣ್ಯೆ ಎಂಬ ಆ ವಧೂವರರಿಗೆ ಒಬ್ಬರ ಮೇಲೊಬ್ಬರಿಗೆ ಒಲವಿತ್ತೇ ಎಂಬ ಒಂದು ಪ್ರಶ್ನೆಯನ್ನು ನಮ್ಮ ಉಪನ್ಯಾಸಗಳಲ್ಲಿ ಯಾರೂ ಎತ್ತುವದಿಲ್ಲ. ಅದು ಕೇಳತಕ್ಕ ಪ್ರಶ್ನೆಯೆಂದೇ ನಮಗೆ ತೋಚಿಲ್ಲ. ದೊಡ್ಡ ಕ್ರಾಂತಿಯ ನಡುವೆ ಕುಳಿತ ಇಬ್ಬರು ಎಳೆಯರು ಎಂಟು ನೂರು ವರುಷಗಳಿಂದ ಮೌನವಾಗಿದ್ದಾರೆ.

ಕಾಯದೆಯು ತನ್ನ ಕೆಲಸವನ್ನು ಮಾಡಿದೆ. ಬೇರೆ ಮತದವರು ತಮ್ಮ ಮತಗಳನ್ನು ಬಿಡದೆಯೇ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯದೆಯು ಅವಕಾಶ ಕೊಟ್ಟಿದೆ. ಪ್ರಾಪ್ತವಯಸ್ಕರು ಪರಸ್ಪರ ಒಪ್ಪಿ ಆಗುವ ಮದುವೆಯನ್ನು ತಡೆಯಲು ಕುಲದ ಪಂಚಾಯತಿಗಳಿಗೆ ಅಧಿಕಾರವಿಲ್ಲವೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ಕಾಯದೆಯ ಮಾತಿನಲ್ಲಿ ಇದಕ್ಕೆ ‘ಸಮ್ಮತಿ’ಯೆಂದು ಹೆಸರು. ಪುಲಿಗೆರೆಯ ಸೀಮೆಯವರಿಗೆ ಅದು ಹೊಸ ಶಬ್ದವೇ? ನಮ್ಮ ಹಳೆಯ ಧಾತುವಿನಲ್ಲಿ ಒಲಿಯುವದೂ ಒಪ್ಪುವದೂ ಎಂದೂ ಬೇರೆಯಾಗಿಯೇ ಇರಲಿಲ್ಲ. ಕನ್ಯೆ ನೋಡಲು ಬಂದವರು ಚಹಾ ಕುಡಿದು ಹೋದ ಮೇಲೆ ಹುಡುಗಿಯು ಒಳಮನೆಯಲ್ಲಿ ತಾಯಿಯ ಸೆರಗು ಹಿಡಿದು ‘ವಲ್ಲೆ ಯವ್ವಾ’ ಎಂದರೆ, ಅವಳು ಹಟ ಮಾಡುತ್ತಿಲ್ಲ, ಇಂಗ್ಲಿಷ್ ಕಲಿತು ಕೆಟ್ಟಿಲ್ಲ. ಪಂಪನ ಕಾಲದ ಕನ್ನಡದಲ್ಲಿ, ಇದ್ದುದನ್ನು ಇದ್ದಂತೆ ಹೇಳುತ್ತಿದ್ದಾಳೆ: ನನಗೆ ಒಲವಿಲ್ಲ. ಹಾಲಿನ ಬಟ್ಟಲನ್ನು ಸರಿಸಿ ಕೂಸು ‘ವಲ್ಲೆ’ ಎಂದರೆ ಆ ಹೊತ್ತಿಗೆ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಳ್ಳುವೆವು. ಅತಿಥಿಯು ‘ವಲ್ಲೆ’ ಎಂದರೆ ಎರಡು ಸಲ ಒತ್ತಾಯಿಸಿ ಮೂರನೆಯ ಸಲ ಬಿಡುವೆವು. ಇಡಿಯ ಬಾಳಿನ ಮಾತು ಬಂದಾಗ ಮಾತ್ರ ಅದೇ ಶಬ್ದಕ್ಕೆ ಬೆಲೆಯಿಲ್ಲವೆನ್ನುವದು ಯಾವ ವ್ಯಾಕರಣ?

ಹಾಗೆಯೇ, ಇಂಥವನಲ್ಲಿ ನನಗೆ ಒಲವಿದೆಯೆಂದು ಹೇಳುವ ಬಾಯಿಯೂ ನಮ್ಮ ಮಕ್ಕಳಿಗೆ ಇರಬೇಕು. ಅದನ್ನು ಕೇಳಿ ಒಪ್ಪುವದೋ ಬಿಡುವದೋ ಹಿರಿಯರ ವಿವೇಕ. ಬುದ್ಧಿ ಹೇಳುವ ಅಧಿಕಾರವನ್ನು ಯಾರೂ ಕಸಿದುಕೊಂಡಿಲ್ಲ. ಹುಡುಗರಿಗೂ ಒಂದು ಮಾತು. ಒಲಿಯುವದು ಎದುರಿನವರ ಕ್ರಿಯೆ. ಅದು ನಿಮ್ಮ ಕೈಯ ಕೆಲಸವಲ್ಲ. ಅವಳು ಒಲ್ಲೆನೆಂದ ಮೇಲೆಯೂ ದಾರಿಗಟ್ಟಿ ನಿಲ್ಲುವದಕ್ಕೆ ಕನ್ನಡದಲ್ಲಿ ಒಲವೆಂಬ ಹೆಸರಿಲ್ಲ. ಸಂಸ್ಕೃತದಲ್ಲಿ ಇದೆ, ಆಗಲೇ ಹೇಳಿದೆನಲ್ಲ, ಲೋಭ.

ಕೊನೆಗೆ ಶ್ರೀಗಳವರಲ್ಲಿಯೂ ಮಠದ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ಕಕ್ಕುಲಾತಿ, ಅಂತಃಕರಣ, ಮಾಯಾ, ಜೀವ, ಹಚ್ಚಿಕೊಳ್ಳುವದು ಮೊದಲಾದ ಮಾತುಗಳನ್ನು ಸರಿಯಾದ ಸಂದರ್ಭದಲ್ಲಿ ಆಡಬಲ್ಲ ಮುದುಕಿಯರು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಮುಸಲ್ಮಾನರ ಮನೆಗಳಲ್ಲಿಯೂ ಇಂಥ ಮಾತುಗಳು ಬೇರೆ ಇರುತ್ತವೆ. ಬರುವ ಬೇಸಗೆಯ ರಜೆಯಲ್ಲಿ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಹೋಗಿ, ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಏನೆಂದು ಕರೆಯುತ್ತಾರೆ, ಏನೆಂದು ಮುದ್ದಿಸುತ್ತಾರೆ ಎಂಬದನ್ನು ಅವರ ಬಾಯಿಂದಲೇ ಬರೆದುಕೊಂಡು ಬರಲಿ. ಆ ವಹಿಯನ್ನು ಮಠದ ಗ್ರಂಥಾಲಯದಲ್ಲಿ ಇಡೋಣ. ಕಾಗದ ಮಸಿಗಳ ವೆಚ್ಚವು ನನ್ನದು. ಕೂಲಿಯು ಟೆನಿಸಿನ ಲೆಕ್ಕದಂತೆ.